ಉಗ್ಗದ ಭಾಷೆ

ಅವನಿಗೆ ತನ್ನ ಹೆಸರನ್ನೇ ಹೇಳಲು ಬರುತ್ತಿರಲಿಲ್ಲ. ಮೊದಲ ಅಕ್ಷರ ಗಂಟಲಲ್ಲಿ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತಿತ್ತು. ಕಣ್ಣು ಮುಚ್ಚಿ, ಕತ್ತು ಬಿಗಿದು, ಬಲಗಾಲಿನಿಂದ ನೆಲ ಒದ್ದು ಅದನ್ನು ಹೊರಗೆ ತಳ್ಳುವಷ್ಟರಲ್ಲಿ ಕೇಳಿದವರು ಒಂದೋ ನಕ್ಕಿರುತ್ತಿದ್ದರು, ಇಲ್ಲವೇ ಹೊರಟುಹೋಗಿರುತ್ತಿದ್ದರು. ಶಾಲೆಯಲ್ಲಿ ಅವನನ್ನು ಉಗ್ಗ ಎಂದರು. ಮುಂದೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತು ಸ್ವಂತ ಅಂಗಡಿ ಹಾಕಿದ ಮೇಲೆ ಎದುರಿಗೆ ಬೈಂಡರ್ ಎಂದೂ ಬೆನ್ನ ಹಿಂದೆ ಉಗ್ಗ ಎಂದೂ ಕರೆದರು. ಎರಡೂ ಅವನ ಕಿವಿಗೆ ಬೀಳುತ್ತಿದ್ದವು.

ಅವನ ಅಪ್ಪ ಗೋದಾಮಿನಲ್ಲಿ ಮೂಟೆ ಹೊರುವವನು. ಮಗನ ನಾಲಿಗೆಯ ಕೆಳಗೆ ಬೆಣಚುಕಲ್ಲು ಇಡಿಸಿ ನೋಡಿದ, ಬೆತ್ತದ ರುಚಿ ತೋರಿಸಿ ನೋಡಿದ, ಕೊನೆಗೆ ಕೈಚೆಲ್ಲಿದ. ಹುಡುಗನಿಗೆ ಒಂಬತ್ತು ತುಂಬಿದಾಗ ಅಮ್ಮ ಅವನ ರಟ್ಟೆ ಹಿಡಿದು ಚರ್ಚಿಗೆ ಎಳೆದುಕೊಂಡು ಹೋದಳು, ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿಸೋಣವೆಂದು. ಅಲ್ಲಿನ ಪಾದ್ರಿ ಎತ್ತರದ, ಮೂಗಿನಲ್ಲಿ ಸದಾ ನಶ್ಯ ಮೆತ್ತಿಕೊಂಡಿರುತ್ತಿದ್ದ ಮನುಷ್ಯ. ಆಶೀರ್ವಾದ ಮುಗಿಸಿ ಹುಡುಗನನ್ನು ಮೇಲೆ ಕೆಳಗೆ ನೋಡಿ, "ನಾಳೆ ಬೆಳಿಗ್ಗೆಯಿಂದ ಆರು ಗಂಟೆ ಪೂಜೆಗೆ ಕಳಿಸು. ನನ್ನ ಹತ್ತಿರ ಉತ್ತರ ಕೊಡೋರು ಯಾರೂ ಇಲ್ಲ" ಎಂದರು.

ಅಮ್ಮ ಬಾಯಿಗೆ ಸೆರಗು ಹಿಡಿದಳು. "ಉತ್ತರ ಕೊಡೋಕೆ ಇವನಾ ಸ್ವಾಮಿ? 'ಅಮ್ಮ' ಅನ್ನೋಕೇ ಅರ್ಧ ಗಂಟೆ ಬೇಕು ಇವನಿಗೆ."

"ಲ್ಯಾಟಿನ್ನಲ್ಲಿ ಎಲ್ಲರೂ ಉಗ್ಗರೇ ಕಣಮ್ಮ. ಕಳಿಸು."

ಆಗ ಎಲ್ಲ ಕಡೆಯೂ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲೇ. ಪಾದ್ರಿ ಜನರಿಗೆ ಬೆನ್ನು ಮಾಡಿ, ಗೋಡೆಗೆ ಆನಿಸಿದ ಬಲಿಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಮಂತ್ರದ ಹೆಚ್ಚಿನ ಭಾಗ ಪಿಸುಮಾತಿನಲ್ಲೇ ಮುಗಿಯುತ್ತಿತ್ತು. ಜನ ಮಂಡಿಯೂರಿ ತಮ್ಮ ತಮ್ಮ ಜಪಸರ ಎಣಿಸುತ್ತಿದ್ದರು. ಪಾದ್ರಿ ಕೇಳಿದ್ದಕ್ಕೆ ಅಷ್ಟೂ ಜನರ ಪರವಾಗಿ ಉತ್ತರ ಹೇಳುವವನು ಕೆಳಗಿನ ಮೆಟ್ಟಿಲ ಮೇಲೆ ಮಂಡಿಯೂರಿದ ಒಬ್ಬನೇ.

ಪಾದ್ರಿ ಅವನಿಗೆ ಒಂದು ರಟ್ಟಿನ ಮೇಲೆ ಉತ್ತರಗಳನ್ನು ಬರೆದುಕೊಟ್ಟು, ಪೂಜಾವಸ್ತ್ರಗಳಿಡುವ ಕೋಣೆಯಲ್ಲಿ ಎರಡು ತಿಂಗಳು ಉರು ಹೊಡೆಸಿದರು. ಮೂರನೆಯ ದಿನವೇ ಇಬ್ಬರಿಗೂ ಒಂದು ಸಂಗತಿ ತಿಳಿದುಹೋಯಿತು. "ದೇವರ ಪೀಠದ ಬಳಿಗೆ ಹೋಗುವೆನು" ಎಂಬ ಅರ್ಥದ ಸಾಲನ್ನು ಪಾದ್ರಿ ಹೇಳಿದರು. ಅದಕ್ಕೆ ಉತ್ತರ, "ಆದ್ ದೇಉಂ ಕ್ವಿ ಲೆತಿಫಿಕಾತ್ ಯುವೆಂತೂತೆಂ ಮೆಆಂ", ನನ್ನ ಯೌವನಕ್ಕೆ ಆನಂದ ಕೊಡುವ ದೇವರ ಬಳಿಗೆ, ಎಂದು. ಹುಡುಗನ ಬಾಯಿಂದ ಅದು ಮೊದಲಿಂದ ಕೊನೆಯವರೆಗೆ ಸರಾಗವಾಗಿ ಹರಿದು ಬಂತು. ಎಲ್ಲೂ ತೊಡರಲಿಲ್ಲ. ಹುಡುಗ ಹೆದರಿ ಬಾಯಿ ಮುಟ್ಟಿ ನೋಡಿಕೊಂಡ. ಪಾದ್ರಿ ನಶ್ಯದ ಡಬ್ಬಿ ತೆಗೆದು, "ಇನ್ನೊಂದ್ಸಲ ಹೇಳು" ಎಂದರು.

ಮೊದಲ ಪೂಜೆಯ ದಿನ ಅಮ್ಮ ಎರಡನೆಯ ಸಾಲಿನಲ್ಲಿ ಕೂತಿದ್ದಳು. ಎದುರಿಗೆ ಕೇಳಿಸುತ್ತಿದ್ದ ಧ್ವನಿ ಬೇರೆ ಯಾವುದೋ ಹುಡುಗನದೆಂದುಕೊಂಡು ಎದ್ದು ನಿಂತು ಇಣುಕಿದಳಂತೆ. ಮನೆಗೆ ಬಂದು ಹೇಳಿದಾಗ ಅಪ್ಪ ಮಾತ್ರ, "ಹಾಗಾದ್ರೆ ಇನ್ಮೇಲೆ ನೀರು ಬೇಕಾದ್ರೂ ಲ್ಯಾಟಿನ್ನಲ್ಲೇ ಕೇಳ್ಲಿ" ಎಂದು ಮಗ್ಗುಲು ತಿರುಗಿ ಮಲಗಿದ.

ಆಮೇಲೆ ಸೇವೆಗೆ ಸೇರಿದ ಬೇರೆ ಹುಡುಗರು ಮೀಸೆ ಬರುತ್ತಲೇ ಪೂಜೆಗೆ ನಿಲ್ಲುವುದನ್ನು ಬಿಟ್ಟರು. ಅವನು ಬಿಡಲಿಲ್ಲ. ಇಪ್ಪತ್ತಾಯಿತು, ಮೂವತ್ತಾಯಿತು. ದಿನಾ ಆರಕ್ಕೆ ಪೂಜೆ, ಏಳೂವರೆಗೆ ಅಂಗಡಿ. ಅಂಗಡಿ ಎಂದರೆ ಅಂಚೆ ಕಚೇರಿಯ ಪಕ್ಕದ ಗಲ್ಲಿಯಲ್ಲಿ ಹತ್ತಡಿ ಅಗಲದ ಒಂದು ಕೋಣೆ. ಒಂದು ಮೂಲೆಯಲ್ಲಿ ಕೈಯಿಂದ ತಿರುಗಿಸುವ ಕಬ್ಬಿಣದ ಪ್ರೆಸ್ಸು, ಇನ್ನೊಂದರಲ್ಲಿ ಕಾಗದ ಕತ್ತರಿಸುವ ಯಂತ್ರ, ನಡುವೆ ಮೈದಾ ಅಂಟು ಕುದಿಸುವ ಸ್ಟವ್. ಹುಳು ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸಿ ಬೆರೆಸಿ ಅವನ ಉಗುರಿನ ಸಂದಿ ಸದಾ ಹಸಿರು. ಶಾಲೆಗಳ ಹಾಜರಿ ಪುಸ್ತಕ, ಕಾನೂನಿನ ದಪ್ಪ ಗ್ರಂಥ, ಗ್ರಂಥಾಲಯದ ಬೆನ್ನು ಹರಿದ ಕಾದಂಬರಿ, ಎಲ್ಲ ಅವನಲ್ಲಿಗೆ ಬರುತ್ತಿದ್ದವು. ಗಿರಾಕಿಗೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದ. ಕಿವಿಯ ಹಿಂದೆ ಪೆನ್ಸಿಲ್ ಇಲ್ಲದ ಅವನನ್ನು ಕಂಡವರಿಲ್ಲ.

ಹೆಂಡತಿಯಾದವಳು ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿದ್ದಳು. ಬೆಳಗಿನ ಪೂಜೆಯಲ್ಲಿ ಅವನ ಧ್ವನಿ ಕೇಳಿ ಮನಸೋತು, ತಾನೇ ಮನೆಯವರ ಕೈಲಿ ಮಾತು ಎತ್ತಿಸಿದಳು. ಹೆಣ್ಣು ನೋಡಲು ಬಂದವನು ಹತ್ತು ನಿಮಿಷ ಕುರ್ಚಿಯ ತುದಿಯಲ್ಲಿ ಕೂತು ಬೆವರಿದನೇ ಹೊರತು ಒಂದು ಪದ ಹೊರಡಲಿಲ್ಲ. ಅವಳ ಅಣ್ಣ ಅಡುಗೆಮನೆಗೆ ಹೋಗಿ ಬೇಡವೆಂದು ಕೈಯಾಡಿಸಿದ. ಅವಳು ಹೊರಗೆ ಬಂದು ಎಲ್ಲರೆದುರೇ, "ನೀವು ದಿನಕ್ಕೆ ಅರ್ಧ ಗಂಟೆ ಚರ್ಚಲ್ಲಿ ಮಾತಾಡಿದ್ರೆ ಸಾಕು ರೀ. ಉಳಿದ ಇಪ್ಪತ್ಮೂರೂವರೆ ಗಂಟೆ ನಾನು ನೋಡ್ಕೋತೀನಿ" ಎಂದಳು. ಕೊಟ್ಟ ಮಾತಿನಂತೆ ನೋಡಿಕೊಂಡಳು ಕೂಡ. ಅಂಗಡಿಯ ಜಗಳ, ಮನೆ ಮಾಲೀಕನ ಜೊತೆ ವಾದ, ಮಗಳ ಶಾಲೆಯ ಮೇಷ್ಟರ ಹತ್ತಿರ ಮಾತುಕತೆ, ಎಲ್ಲಕ್ಕೂ ಅವಳೇ ಬಾಯಿ. ಅವಳ ಹೆಸರು ಕೂಡ ಅವನಿಗೆ ಹೇಳಲು ಬರುವಂಥದಲ್ಲ. ಕರೆಯಬೇಕಾದಾಗ ಮೇಜನ್ನು ಎರಡು ಸಲ ಬಡಿಯುತ್ತಿದ್ದ.

ಒಬ್ಬಳೇ ಮಗಳು. ಅವಳಿಗೆ ಏಳು ವರ್ಷವಾದಾಗ ಬಿಷಪ್ಪರ ಪತ್ರ ಬಂತು. ಇನ್ನು ಮುಂದೆ ಪೂಜೆ ಜನರ ಭಾಷೆಯಲ್ಲೇ, ಪಾದ್ರಿ ಜನರ ಕಡೆ ಮುಖ ಮಾಡಿ ನಿಲ್ಲಬೇಕು, ಉತ್ತರವನ್ನು ಎಲ್ಲರೂ ಸೇರಿ ಹೇಳಬೇಕು ಎಂದು. ಬಡಗಿಗಳು ಬಂದು ಗೋಡೆಗೆ ಆನಿಸಿದ್ದ ಪೀಠದ ಮುಂದೆ ಹೊಸ ಮೇಜೊಂದನ್ನು ನಿಲ್ಲಿಸಿದರು.

ಹೆಂಡತಿಗೆ ಖುಷಿಯಾಯಿತು. ಮುಚ್ಚಿಡುವ ಸ್ವಭಾವವೇ ಅವಳದಲ್ಲ. "ಇಷ್ಟು ವರ್ಷ ಕಿಟಕಿ ಹೊರಗೆ ನಿಂತು ದೇವರ ಮನೆ ಇಣುಕಿದ ಹಾಗಿತ್ತು ರೀ. ಈಗ ಒಳಗೆ ಬಾ ಅಂತ ಕರೆದ ಹಾಗಾಯ್ತು" ಎಂದಳು. ಅವಳು ಹೇಳಿದ್ದು ನಿಜವೆಂದು ಅವನಿಗೂ ಗೊತ್ತಿತ್ತು.

ಹೊಸ ಪೂಜೆಯ ಮೊದಲ ಭಾನುವಾರ ಚರ್ಚು ತುಂಬಿತ್ತು. ಜನಕ್ಕೆ ಉತ್ತರ ಇನ್ನೂ ಬಾಯಿಗೆ ಹತ್ತಿರಲಿಲ್ಲ. ಬೈಂಡರ್ ಮೊದಲು ಹೇಳಲಿ, ತಾವು ಹಿಂದೆ ಸೇರಿಕೊಳ್ಳೋಣ ಎಂದು ಕಾದಿದ್ದರು. ಪಾದ್ರಿ ಕೈ ಚಾಚಿ, "ಪ್ರಭುವು ನಿಮ್ಮೊಡನೆ ಇರಲಿ" ಎಂದರು. ಅವನು ಬಾಯಿ ತೆರೆದ. ಹೇಳಬೇಕಾದ್ದು 'ನಿಮ್ಮೊಡನೆಯೂ ಇರಲಿ' ಎಂದಷ್ಟೇ. 'ನಿ' ಎಂಬಲ್ಲಿ ನಿಂತಿತು. ಕತ್ತು ಬಿಗಿಯಿತು, ಕಾಲು ತಾನಾಗಿ ನೆಲ ಒದೆಯಿತು. ನಿ, ನಿ, ನಿ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಸಾಲಿನಿಂದ ಔಷಧಿ ಅಂಗಡಿಯವನು ಗಟ್ಟಿಯಾಗಿ ಉತ್ತರ ಹೇಳಿ ಮುಗಿಸಿದ. ಎಲ್ಲರೂ ಅವನ ಹಿಂದೆ ದನಿ ಸೇರಿಸಿದರು. ಆ ದಿನದಿಂದ ಬೈಂಡರನ ಉತ್ತರ ಯಾರಿಗೂ ಬೇಕಾಗಲಿಲ್ಲ. ಗಂಟೆ ಬಾರಿಸಿದ, ನೀರು ದ್ರಾಕ್ಷಾರಸ ಎತ್ತಿಕೊಟ್ಟ, ತುಟಿ ಬಿಚ್ಚಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಹಳೆಯ ಪಾದ್ರಿ ನಿವೃತ್ತರಾದರು. ಅವರ ಜಾಗಕ್ಕೆ ಬಂದ ತರುಣ ಪಾದ್ರಿ ಅವನ ಹೆಗಲ ಮೇಲೆ ಕೈಯಿಟ್ಟು, "ನಿಮಗೂ ವಯಸ್ಸಾಯ್ತು, ಮಕ್ಕಳಿಗೆ ಬಿಟ್ಟುಕೊಡೋಣ. ನೀವು ಬಾಗಿಲ ಹತ್ತಿರ ಹಾಡಿನ ಪುಸ್ತಕ ಹಂಚಿ" ಎಂದರು. ಅವನಿಗೆ ಆಗ ನಲವತ್ತೊಂದು.

ಹಳೆಯ ಲ್ಯಾಟಿನ್ ಪೂಜಾಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ರದ್ದಿಗೆ ಇಟ್ಟಿದ್ದರು. ಅದರಲ್ಲಿ ದೊಡ್ಡದೊಂದನ್ನು ಕೇಳಿ ತಂದು, ಸಡಿಲವಾದ ಹಾಳೆಗಳನ್ನು ಮತ್ತೆ ಹೊಲಿದು, ಕೆಂಪು ಬಟ್ಟೆಯ ಬೆನ್ನು ಹಾಕಿದ. ಹಳೆಯ ಪಾದ್ರಿ ಕನ್ಯಾಸ್ತ್ರೀಯರು ನಡೆಸುವ ವೃದ್ಧಾಶ್ರಮ ಸೇರಿದ್ದರು, ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಕಣ್ಣು ಮಂಜಾದ ಮುದಿ ಪಾದ್ರಿಗಳು ತಮ್ಮ ಕೋಣೆಯಲ್ಲಿ, ಜನ ಸೇರಿಸದೆ, ಹಳೆಯ ಕ್ರಮದಲ್ಲೇ ಪೂಜೆ ಮಾಡಿಕೊಳ್ಳಬಹುದೆಂದು ಅನುಮತಿಯಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಅವನು ಆ ಪುಸ್ತಕ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದ. ಬಟ್ಟೆಯ ಕಪಾಟಿನ ಪಕ್ಕ ಒಂದು ಮೇಜು, ಎರಡು ಮೇಣದಬತ್ತಿ, ಮಂಚದ ಕೆಳಗೆ ಮಲದ ಪಾತ್ರೆ. ಮಂಡಿಯೂರಲು ಇದ್ದ ಜಾಗ ಮಂಚ ಮತ್ತು ಮೇಜಿನ ನಡುವಿನ ಎರಡು ಅಡಿ. ಅಲ್ಲಿ ಅವನು ಅರ್ಧ ಗಂಟೆ ತಡೆಯಿಲ್ಲದೆ ಮಾತಾಡಿ ಬರುತ್ತಿದ್ದ.

ಬೋಳುತಲೆಯ ಬೈಂಡರ್ ಮಂಡಿ ಹಿಡಿದುಕೊಂಡು "ನನ್ನ ಯೌವನಕ್ಕೆ ಆನಂದ ಕೊಡುವ" ಎಂದಾಗಲೆಲ್ಲ ಮುದಿ ಪಾದ್ರಿಗೆ ನಗು. "ಎಲ್ಲಯ್ಯ ನಿನ್ನ ಯೌವನ? ಬಸ್ಸಲ್ಲಿ ಬಿಟ್ಟು ಬಂದ್ಯಾ?"

ಆರು ವರ್ಷ ಹೀಗೆ ನಡೆಯಿತು. ಒಂದು ಶನಿವಾರ ಹೋದಾಗ ಕೋಣೆ ತೊಳೆದು, ಹಾಸಿಗೆ ಮಡಿಚಿ, ಕಿಟಕಿ ತೆರೆದಿಟ್ಟಿದ್ದರು. ಪಾದ್ರಿಯನ್ನು ಹಿಂದಿನ ದಿನವೇ ಮಣ್ಣು ಮಾಡಿದ್ದರಂತೆ. ಬೈಂಡರನಿಗೆ ಹೇಳಿ ಕಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ಮಗಳು ಚಿಕ್ಕವಳಿದ್ದಾಗ ಅಪ್ಪನ ಅರ್ಧ ಮಾತನ್ನು ತಾನೇ ಪೂರ್ತಿ ಮಾಡುತ್ತಿದ್ದಳು. ದೊಡ್ಡವಳಾದಂತೆ ಅದು ಅವಳಿಗೆ ಮುಜುಗರವಾಯಿತು. ಅವಳ ಮದುವೆಯ ದಿನ, ಊಟಕ್ಕೆ ಮೊದಲು ಹೆಣ್ಣಿನ ತಂದೆ ಬಂದವರಿಗೆ ನಾಲ್ಕು ಮಾತು ಹೇಳಬೇಕಿತ್ತು. ಅವನು ಹದಿನೈದು ದಿನದಿಂದ ಒಂದೇ ವಾಕ್ಯವನ್ನು ಅಂಗಡಿಯಲ್ಲಿ ಅಭ್ಯಾಸ ಮಾಡಿದ್ದ. ಮಗಳು ಅಮ್ಮನ ಕಿವಿಯಲ್ಲಿ, "ಅಪ್ಪ ಮಾತಾಡೋದು ಬೇಡಮ್ಮ, ನೀನೇ ಹೇಳಿಬಿಡು" ಎಂದದ್ದು ಅವನಿಗೂ ಕೇಳಿಸಿತು. ಹೆಂಡತಿ ಎದ್ದು ಮಾತಾಡಿದಳು, ಜನರನ್ನು ನಗಿಸಿದಳು. ಅವನು ತಟ್ಟೆಯ ಅಂಚನ್ನು ನೋಡುತ್ತಾ ಕೂತಿದ್ದ.

ಆ ಹೆಂಡತಿಯೂ ಎರಡು ವರ್ಷಕ್ಕೆ ಶ್ವಾಸಕೋಶದ ಕಾಯಿಲೆಯಲ್ಲಿ ತೀರಿಕೊಂಡಳು. ಮನೆಯಲ್ಲಿ ಮಾತು ಎಂಬುದೇ ನಿಂತುಹೋಯಿತು.

ಮಗಳ ಗಂಡ ದೂರದ ಊರುಗಳಿಗೆ ಸರಕು ಸಾಗಿಸುವ ಲಾರಿ ಡ್ರೈವರ್. ಹೊರಟರೆ ಹತ್ತು ದಿನ ಪತ್ತೆಯಿಲ್ಲ. ಅವನು ಹಾಗೆ ಹೋಗಿದ್ದಾಗಲೇ, ಏಳು ತಿಂಗಳ ಬಸುರಿ ಮಗಳಿಗೆ ನೋವು ಕಾಣಿಸಿಕೊಂಡಿತು. ಪಕ್ಕದ ಮನೆಯವಳು ಅಂಗಡಿಗೆ ಓಡಿಬಂದು ಹೇಳಿದಳು. ಬೈಂಡರ್ ಅಂಟಿನ ಕೈಯಲ್ಲೇ ಆಟೋ ಹಿಡಿದು ಅವಳನ್ನು ಆಸ್ಪತ್ರೆಗೆ ಸೇರಿಸಿದ. ಮಧ್ಯಾಹ್ನ ಹನ್ನೆರಡೂವರೆಗೆ ಹೆಣ್ಣು ಮಗು ಹುಟ್ಟಿತು. ಎರಡು ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಉಸಿರು ಎಳೆಯುವಾಗ ಎದೆ ಒಳಕ್ಕೆ ಗುಳಿ ಬೀಳುತ್ತಿತ್ತು.

ನರ್ಸು ಅವನನ್ನು ಹೊರಗೆ ಕರೆದಳು. "ಡಾಕ್ಟರು ನೋಡಿದ್ರು. ಏನೂ ಮಾಡೋ ಹಾಗಿಲ್ಲವಂತೆ. ತಾಯಿ ಪಕ್ಕದಲ್ಲೇ ಮಲಗಿಸಿದೀನಿ. ನಿಮ್ಮ ಪಾದ್ರೀನ ಕರೆಸೋದಿದ್ರೆ ಬೇಗ ಕರೆಸಿ" ಎಂದು ಹೇಳಿ, ಇನ್ನೊಂದು ಹೆರಿಗೆಗೆ ಓಡಿದಳು.

ಫೋನು ಕಚೇರಿಯ ಕಿಟಕಿಯ ಹೊರಗಿನ ಹಲಗೆಯ ಮೇಲಿತ್ತು. ಗುಮಾಸ್ತ ಊಟಕ್ಕೆ ಹೋಗಿ ಕಿಟಕಿ ಮುಚ್ಚಿತ್ತು. ಬೈಂಡರ್ ಪೆನ್ಸಿಲ್ ತೆಗೆದು ಚೀಟಿಯಲ್ಲಿ "ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ, ಮಗು ಸಾಯುತ್ತಿದೆ, ದೀಕ್ಷಾಸ್ನಾನಕ್ಕೆ ಪಾದ್ರಿ ಬರಬೇಕು" ಎಂದು ಬರೆದು ಬಾಗಿಲ ಕಾವಲುಗಾರನ ಮುಂದೆ ಹಿಡಿದ. ಕಾವಲುಗಾರ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನನಗೆ ಓದೋಕೆ ಬರಲ್ಲ ಯಜಮಾನ್ರೆ. ಏನಾಗ್ಬೇಕು, ಬಾಯಲ್ಲಿ ಹೇಳಿ" ಎಂದ.

ಮೊಗಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಓಡಿಬಂದು ತಾನೇ ನಂಬರು ತಿರುಗಿಸಿದ. ಅತ್ತ ಕಡೆ ತರುಣ ಪಾದ್ರಿಯ ಧ್ವನಿ. "ಹಲೋ, ಯಾರು?"

'ಮಗು' ಎನ್ನಬೇಕಿತ್ತು. ತುಟಿ ಅಂಟಿಕೊಂಡಿತು. ಮೂಗಿನಿಂದ ಉಸಿರು ಮಾತ್ರ ಬಂತು. ಒದ್ದ, ಗೋಡೆಗೆ ಹಣೆ ಚಚ್ಚಿಕೊಂಡ.

"ಹಲೋ? ಹಲೋ? ಯಾರ್ರೀ ಅದು, ಮಾತಾಡ್ರೀ." ಫೋನು ಇಟ್ಟ ಸದ್ದು.

ಇನ್ನೊಂದು ಸಲ ತಿರುಗಿಸಿದ. ಈ ಸಲ 'ಮ' ಹೊರಬಿತ್ತು, ಅದರ ಹಿಂದೆ ಮತ್ತೇನೂ ಇಲ್ಲ. "ತಮಾಷೆಗೂ ಒಂದು ಹೊತ್ತು ಗೊತ್ತು ಬೇಡ್ವಾ?" ಎಂದರು ಅತ್ತಲಿಂದ. ಮತ್ತೆ ಫೋನು ಇಟ್ಟರು. ಮೂರನೆಯ ಸಲ ಅಲ್ಲಿ ಯಾರೂ ಎತ್ತಲಿಲ್ಲ.

ಚರ್ಚು ಊರಿನ ಆ ತುದಿಯಲ್ಲಿತ್ತು. ಹೋಗಿ ಬರುವಷ್ಟು ಹೊತ್ತು ಮಗುವಿಗೆ ಇರಲಿಲ್ಲ.

ಒಳಗೆ ಬಂದಾಗ ಮಗಳು ಮಗುವಿನ ಮುಖದಿಂದ ಕಣ್ಣು ಕೀಳದೆ ಕೇಳಿದಳು. "ಬರ್ತಾರಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ನೀನೇ ದೀಕ್ಷಾಸ್ನಾನ ಮಾಡಪ್ಪ. ಯಾರು ಬೇಕಾದ್ರೂ ಮಾಡಬಹುದಲ್ಲ ಇಂಥ ಹೊತ್ತಲ್ಲಿ. ಅಮ್ಮನ ಹೆಸರಿಡು."

ಅವನು ಔಷಧಿ ಕುಡಿಸುವ ಪುಟ್ಟ ಲೋಟಕ್ಕೆ ಹೂಜಿಯಿಂದ ನೀರು ಬಗ್ಗಿಸಿದ. ಮೊದಲು ಹೆಸರು ಹೇಳಬೇಕು, ಆಮೇಲೆ 'ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ' ಎಂದು. ಮದುವೆಯಾದಂದಿನಿಂದ ಕರೆಯಲಾಗದಿದ್ದ ಹೆಸರು ಅಂದೂ ಬರಲಿಲ್ಲ. ಬಾಯಿ ತೆರೆದೇ ಇತ್ತು. ಲೋಟ ವಾಲಿ ನೀರು ಹೊದಿಕೆಯ ಮೇಲೆ ಚೆಲ್ಲಿತು. ಮಗುವಿನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತು, ಎದೆಯ ಗುಳಿ ಒಮ್ಮೆ ಬಿದ್ದದ್ದು ಮತ್ತೆ ಏಳಲು ತಡವಾಯಿತು. "ಅಪ್ಪಾ, ಬೇಗ" ಎಂದು ಮಗಳು ಕಿರುಚಿದಳು.

ಅವನು ಹೆಸರನ್ನು ಬಿಟ್ಟ. ಮತ್ತೆ ನೀರು ಬಗ್ಗಿಸಿ ಮಗುವಿನ ಹಣೆಯ ಮೇಲೆ ಮೂರು ಸಲ ಸುರಿಯುತ್ತಾ, ಹಳೆಯ ಪಾದ್ರಿಯ ಪಕ್ಕದಲ್ಲಿ ನಿಂತು ನೂರಾರು ಸಲ ಕೇಳಿದ್ದನ್ನು ಹೇಳಿದ. "ಎಗೋ ತೆ ಬಾಪ್ತೀಜೋ ಇನ್ ನೋಮಿನೆ ಪಾತ್ರಿಸ್, ಎತ್ ಫೀಲಿಈ, ಎತ್ ಸ್ಪೀರಿತುಸ್ ಸಾಂಕ್ತಿ." ಒಂದು ಅಕ್ಷರವೂ ತಡೆಯಲಿಲ್ಲ. ಪಕ್ಕದ ಮಂಚದ ಹೆಂಗಸು ಎದ್ದು ಕೂತು ಯಾರದಪ್ಪ ಈ ಧ್ವನಿ ಎಂಬಂತೆ ನೋಡಿದಳು.

ಎರಡು ಗಂಟೆಗೆ ಹತ್ತು ನಿಮಿಷವಿದ್ದಾಗ ಮಗುವಿನ ಉಸಿರು ನಿಂತಿತು. ಬಹಳ ಹೊತ್ತಿನ ಮೇಲೆ ಮಗಳು, "ಹೆಸರು ಹೇಳಲಿಲ್ಲ ನೀನು" ಎಂದಳು. ಆಮೇಲೆ, "ಅದೇನು ಹೇಳಿದ್ಯೋ ನನಗೆ ಗೊತ್ತಾಗ್ಲಿಲ್ಲ." ಮಗುವಿನ ಹೊದಿಕೆ ಸರಿಪಡಿಸುತ್ತಾ, "ಫೋನಲ್ಲಿ ಒಂದೇ ಒಂದು ಮಾತು ಹೇಳೋಕೆ ಆಗ್ಲಿಲ್ವಾ ಅಪ್ಪ?" ಎಂದಳು. ಅವನು ಖಾಲಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಮಣ್ಣು ಮಾಡುವ ವ್ಯವಸ್ಥೆಗಾಗಿ ಅವನು ಚರ್ಚಿಗೆ ಪತ್ರ ಬರೆದು ಪಕ್ಕದ ಮನೆಯವಳ ಕೈಲಿ ಕಳಿಸಿದ. ನಡೆದದ್ದನ್ನೆಲ್ಲ ಬರೆದಿದ್ದ. "ಒಂದೂ ಇಪ್ಪತ್ತಕ್ಕೆ ಮೂರು ಸಲ ಫೋನ್ ಮಾಡಿದೆ, ಮಾತು ಹೊರಡಲಿಲ್ಲ" ಎಂಬ ಸಾಲೂ ಇತ್ತು. ಮರುದಿನ ಬೆಳಿಗ್ಗೆ ತರುಣ ಪಾದ್ರಿ ಆ ಪತ್ರವನ್ನು ಹಿಡಿದುಕೊಂಡೇ ಅಂಗಡಿಗೆ ಬಂದರು. ಈಗ ಅವರೇನೂ ತರುಣರಾಗಿರಲಿಲ್ಲ, ಕಿವಿಯ ಪಕ್ಕ ನರೆತಿತ್ತು. ಬೈಂಡರ್ ಒಳಗೆ ದಪ್ಪ ರಟ್ಟನ್ನು ಅಳೆದು ಒಂದು ಚಿಕ್ಕ ಪೆಟ್ಟಿಗೆ ಮಾಡುತ್ತಿದ್ದ. ಬಡಗಿಯ ಹತ್ತಿರ ಅಷ್ಟು ಚಿಕ್ಕದು ಸಿಕ್ಕಿರಲಿಲ್ಲ.

ಪಾದ್ರಿ ಬಾಗಿಲಲ್ಲೇ ನಿಂತು, "ಆ ಫೋನ್ ಇಟ್ಟವನು ನಾನೇ. ಯಾರೋ ಕೀಟಲೆ ಮಾಡ್ತಿದಾರೆ ಅಂದ್ಕೊಂಡೆ" ಎಂದರು. ಬೈಂಡರ್ ರಟ್ಟಿನ ಮೇಲೆ ಗೆರೆ ಎಳೆದ. "ನಿಮ್ಮನ್ನ ದಿನಾ ನೋಡೋನು ನಾನು. ನೀವಿರಬಹುದು ಅಂತ ಹೊಳೀಲೇ ಇಲ್ಲ." ಬೈಂಡರ್ ಗೆರೆಯ ಗುಂಟ ಕತ್ತರಿ ಹಾಕಿದ. ಪಾದ್ರಿ ಮುಂದುವರಿದರು. "ನೀವು ಮಾಡಿದ ದೀಕ್ಷಾಸ್ನಾನ ಸರಿಯಾಗೇ ಇದೆ. ಹೆಸರು ಹೇಳದಿದ್ರೂ ಊನ ಇಲ್ಲ. ಯಾವ ಭಾಷೆಯಾದ್ರೂ ಊನ ಇಲ್ಲ. ದಾಖಲೆಯಲ್ಲಿ ಅಜ್ಜಿ ಹೆಸರೇ ಬರೀತೀನಿ." ಕೈಯಲ್ಲಿದ್ದ ಪತ್ರ ಮಡಿಸುತ್ತಾ, "ನಿಮಗೆ ಬೇಕಾದ್ರೆ ಮಣ್ಣು ಮಾಡೋವಾಗ ಪ್ರಾರ್ಥನೆ ಲ್ಯಾಟಿನ್ನಲ್ಲೇ ಮಾಡ್ತೀನಿ. ನನಗೆ ಸರಿಯಾಗಿ ಬರಲ್ಲ, ನೋಡ್ಕೊಂಡು ಓದ್ತೀನಿ. ನೀವೇ ಉತ್ತರ ಕೊಡಬಹುದು."

ಹದಿನೈದು ವರ್ಷದಿಂದ ಅವನು ಚರ್ಚಿನಲ್ಲಿ ಬಯಸಿದ್ದು ಅದೊಂದನ್ನೇ. ಕತ್ತರಿ ಕೆಳಗಿಟ್ಟ. ಉತ್ತರ ಚೀಟಿಯಲ್ಲಿ ಬರೆಯಲಿಲ್ಲ. ಪಾದ್ರಿ ಎಷ್ಟು ಹೊತ್ತಾದರೂ ಕಾಯುವವರಂತೆ ನಿಂತಿದ್ದರು.

"ಬೇ... ಬೇ... ಬೇಡ. ಮ... ಮಗು ಅಮ್ಮಂಗೆ ಅ... ಅರ್ಥ ಆಗ್ಬೇಕು."

ಕ್ಷಮಿಸಿದೆ ಎಂದು ಮಾತ್ರ ಅವನು ಹೇಳಲಿಲ್ಲ. ಪಾದ್ರಿ ಕೇಳಲೂ ಇಲ್ಲ.

ಮಣ್ಣಿಗೆ ನಾಲ್ಕೇ ಜನ. ಅಳಿಯನ ಸುಳಿವು ಇನ್ನೂ ಸಿಕ್ಕಿರಲಿಲ್ಲ. ಪ್ರಾರ್ಥನೆ ಎಲ್ಲರಿಗೂ ತಿಳಿಯುವ ಭಾಷೆಯಲ್ಲೇ ನಡೆಯಿತು. ಮಗಳು ಪಕ್ಕದ ಮನೆಯವಳ ತೋಳು ಹಿಡಿದು ನಿಂತಿದ್ದಳು, ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಬೈಂಡರ್ ಹೇಳಿದ. ಒಂದೊಂದು ಉತ್ತರಕ್ಕೂ ನಿಮಿಷಗಟ್ಟಲೆ ಹಿಡಿಯಿತು. ಒದ್ದು, ಬೆವರಿ, ಎಂಜಲು ಸಿಡಿಸಿ ಹೇಳಿ ಮುಗಿಸಿದ. ಪಾದ್ರಿ ಪ್ರತಿ ಸಲವೂ ಪುಸ್ತಕದಿಂದ ಕಣ್ಣೆತ್ತದೆ ಕಾದರು. ಗುಂಡಿ ತೋಡುವವನು ಬೇಸತ್ತು ಸನಿಕೆಗೆ ಒರಗಿ ಬೀಡಿ ಹಚ್ಚಿದ.

ಮಗಳು ತಿಂಗಳು ಕಳೆಯುವ ಮೊದಲೇ ಗಂಡನ ಜೊತೆ ಅವನ ಕಂಪನಿಯಿದ್ದ ಊರಿಗೆ ಹೊರಟುಹೋದಳು. ಹೋಗುವಾಗ ಅಂಗಡಿಯ ಬಾಗಿಲಲ್ಲಿ ನಿಂತು, "ಬರ್ತೀನಿ" ಎಂದಳು. ಎರಡು ವರ್ಷ ಬರಲಿಲ್ಲ, ಬರೆಯಲೂ ಇಲ್ಲ. ಮೂರನೆಯ ವರ್ಷ ಒಂದು ಕಾರ್ಡು ಬಂತು. ಅದರಲ್ಲಿ ಒಂದೇ ಸಾಲು: "ಅವತ್ತು ನೀನು ಏನು ಹೇಳಿದೆ, ಬರೆದು ಕಳಿಸು."

ಅವನು ಅಂಗಡಿ ಮುಚ್ಚಿ ಕೂತು ಬರೆದ. ಲ್ಯಾಟಿನ್ನಿನ ಒಂದೊಂದು ಪದ, ಅದರ ಕೆಳಗೆ ಅದರ ಅರ್ಥ. ಮೊದಲಿಗೆ, ಹೆಸರು ಬರಬೇಕಾದ ಕಡೆ, ಹೆಂಡತಿಯ ಹೆಸರು ಬರೆದ. ಅದು ಬರೆಯಲು ಯಾವಾಗಲೂ ಸುಲಭವಾಗಿಯೇ ಬರುತ್ತಿತ್ತು. ಮತ್ತೇನನ್ನೂ ಸೇರಿಸದೆ ಅಂಚೆಗೆ ಹಾಕಿದ.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಬಾಡಿಗೆ ಮನೆಯ ಸೂರು ಸೋರುತ್ತಿರುವುದು, ಗಂಡನಿಗೆ ಬೆನ್ನುನೋವು, ತಾನು ಹೊಲಿಗೆ ಕೆಲಸಕ್ಕೆ ಸೇರಿರುವುದು, ಇಂಥವೇ ಎರಡು ಪುಟ. ಕೊನೆಯಲ್ಲಿ, ಸಹಿಯ ಮೇಲೆ, "ಪತ್ರ ತಲುಪಿತು" ಎಂದಿತ್ತು. ಅವನು ಅದನ್ನು ಎರಡು ಸಲ ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡು ಸ್ಟವ್ ಹಚ್ಚಿದ. ಗ್ರಂಥಾಲಯದಿಂದ ಬಂದ ನಲವತ್ತು ಪುಸ್ತಕ ಹೊಲಿಗೆಗೆ ಕಾದಿದ್ದವು.